ವಿದ್ಯುತ್ ಇಲ್ಲದಾಗಲೂ ತಣಿಯಬೇಕಾದ ರಿಯಾಕ್ಟರ್: ಸಣ್ಣ ರಾಸಾಯನಿಕ ಘಟಕಗಳಲ್ಲಿ ಸಹಜ ಶೀತಲೀಕರಣ

ವಿದ್ಯುತ್ ಕೈಕೊಟ್ಟರೆ ಹಿಟ್ಟಿನ ಗಿರಣಿ ನಿಲ್ಲುತ್ತದೆ, ವಿದ್ಯುತ್ ಮಗ್ಗ ನಿಲ್ಲುತ್ತದೆ, ಲೇತ್ ಯಂತ್ರ ನಿಲ್ಲುತ್ತದೆ. ಮಾಲೀಕನಿಗೆ ಆ ಹೊತ್ತಿನ ಉತ್ಪಾದನೆ ನಷ್ಟವಾಗುತ್ತದೆ. ವಿದ್ಯುತ್ ಮರಳಿದಾಗ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ರಾಸಾಯನಿಕ ಕ್ರಿಯೆ ನಡೆಯುತ್ತಿರುವ ರಿಯಾಕ್ಟರಿಗೆ ಈ ಮಾತು ಅನ್ವಯಿಸುವುದಿಲ್ಲ. ವಿದ್ಯುತ್ ಹೋದೊಡನೆ ಅಲ್ಲಿ ನಿಲ್ಲುವುದು ಕಲಕುವ ಸ್ಟಿರರ್, ನೀರು ಹರಿಸುವ ಪಂಪು, ಚಿಲ್ಲರ್ ಮತ್ತು ಕೂಲಿಂಗ್ ಟವರಿನ ಫ್ಯಾನು. ಪಾತ್ರೆಯೊಳಗಿನ ಕ್ರಿಯೆ ನಿಲ್ಲುವುದಿಲ್ಲ. ಅದು ಶಾಖವನ್ನು ಉತ್ಪಾದಿಸುತ್ತಲೇ ಇರುತ್ತದೆ. ಆ ಶಾಖವನ್ನು ಹೊರಗೊಯ್ಯುವ ಸಾಧನಗಳು ಮಾತ್ರ ಸ್ತಬ್ಧವಾಗಿರುತ್ತವೆ.

ನಮ್ಮ ರಾಜ್ಯದಲ್ಲಿ ಬೀದರಿನ ಕೊಳಾರ, ಯಾದಗಿರಿ ಜಿಲ್ಲೆಯ ಕಡೇಚೂರು ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಔಷಧಗಳ ಮೂಲವಸ್ತುಗಳನ್ನು ತಯಾರಿಸುವ ಘಟಕಗಳು ನೆಲೆಯೂರಿವೆ. ರಾಳ, ಬಣ್ಣ, ಅಂಟು ಹಾಗೂ ಜವಳಿ ರಾಸಾಯನಿಕಗಳನ್ನು ತಯಾರಿಸುವ ಸಣ್ಣ ಉದ್ದಿಮೆಗಳು ಇತರ ಕೈಗಾರಿಕಾ ವಸಾಹತುಗಳಲ್ಲಿಯೂ ಇವೆ. ಇಂತಹ ಘಟಕಗಳ ಮಾಲೀಕರು ಬಂಡವಾಳ ಹೂಡುವಾಗ ಮೊದಲ ಗಮನ ರಿಯಾಕ್ಟರಿನ ಗಾತ್ರಕ್ಕೆ, ಎರಡನೆಯ ಗಮನ ಬಾಯ್ಲರಿಗೆ ಹೋಗುವುದು ಸಹಜ. ತಂಪುಗೊಳಿಸುವ ವ್ಯವಸ್ಥೆಯನ್ನು ಉತ್ಪಾದನೆಯ ಖರ್ಚೆಂದು ಪರಿಗಣಿಸಲಾಗುತ್ತದೆಯೇ ಹೊರತು ಉದ್ದಿಮೆಯ ಅಳಿವು ಉಳಿವಿನ ಪ್ರಶ್ನೆಯೆಂದು ಪರಿಗಣಿಸುವುದು ವಿರಳ. ಈ ದೃಷ್ಟಿಯಿಂದ, ವಿದ್ಯುತ್ತಿನ ಹಂಗಿಲ್ಲದೆ ಕೆಲಸ ಮಾಡುವ ಶೀತಲೀಕರಣ ವಿಧಾನಗಳ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ.

ಸಹಜ ಶೀತಲೀಕರಣ ಎಂದರೇನು?

ತಂತ್ರಜ್ಞರು ‘ಪ್ಯಾಸಿವ್ ಕೂಲಿಂಗ್’ ಎಂದು ಕರೆಯುವ ಈ ಪದ್ಧತಿಯನ್ನು ನಾವು ಸಹಜ ಶೀತಲೀಕರಣ ಎನ್ನಬಹುದು. ಪಂಪು, ಮೋಟಾರು, ಕಂಪ್ರೆಸರ್ ಇವುಗಳ ನೆರವಿಲ್ಲದೆ, ಗುರುತ್ವಾಕರ್ಷಣೆ, ಬಿಸಿ ದ್ರವ ಮೇಲೇರುವ ಗುಣ, ಆವಿಯಾಗುವಾಗ ಶಾಖ ಹೀರುವ ಗುಣ ಮುಂತಾದ ಪ್ರಕೃತಿ ನಿಯಮಗಳಿಂದಲೇ ಶಾಖವನ್ನು ಸಾಗಿಸುವುದು ಇದರ ತತ್ತ್ವ.

ಇದು ನಮಗೆ ಅಪರಿಚಿತವಾದ ವಿಷಯವಲ್ಲ. ಬೆಂಗಳೂರಿನ ಮನೆಗಳ ತಾರಸಿಯ ಮೇಲಿರುವ ಸಾಮಾನ್ಯ ಸೋಲಾರ್ ವಾಟರ್ ಹೀಟರಿನಲ್ಲಿ ಪಂಪು ಇರುವುದಿಲ್ಲ. ಬಿಸಿಲಿಗೆ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ; ತಣ್ಣೀರು ಕೆಳಗಿಳಿದು ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಇದಕ್ಕೆ ಥರ್ಮೋಸೈಫನ್ ಎಂದು ಹೆಸರು. ರಸ್ತೆ ಬದಿಯ ವಿದ್ಯುತ್ ಟ್ರಾನ್ಸ್‌ಫಾರ್ಮರನ್ನು ಗಮನಿಸಿದರೂ ಇದೇ ತತ್ತ್ವ ಕಾಣುತ್ತದೆ. ಒಳಗಿನ ಎಣ್ಣೆ ಕಾದು ಮೇಲೇರಿ, ಹೊರಗಿನ ರೆಕ್ಕೆಗಳ ಮೂಲಕ ಇಳಿಯುವಾಗ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ವರ್ಷಗಟ್ಟಲೆ ಹಗಲಿರುಳು ನಡೆಯುವ ಈ ಕೆಲಸಕ್ಕೆ ಆಪರೇಟರ್ ಬೇಕಿಲ್ಲ, ಸ್ವಿಚ್ ಬೇಕಿಲ್ಲ.

ಜನರೇಟರ್ ಇದೆಯಲ್ಲ, ಅದು ಸಾಲದೇ ಎಂದು ಕೇಳಬಹುದು. ಜನರೇಟರ್ ಅವಶ್ಯವೇ. ಆದರೆ ಅದು ನೆರವಿಗೆ ಬರಬೇಕಾದರೆ ಬ್ಯಾಟರಿ ಚಾರ್ಜ್ ಆಗಿರಬೇಕು, ಡೀಸೆಲ್ ಇರಬೇಕು, ಚೇಂಜ್ ಓವರ್ ಸ್ವಿಚ್ ಕೆಲಸ ಮಾಡಬೇಕು, ಅನಂತರ ಪಂಪು ಚಾಲನೆಗೊಳ್ಳಬೇಕು. ಈ ನಾಲ್ಕರಲ್ಲಿ ಪ್ರತಿಯೊಂದೂ ನೂರಕ್ಕೆ ತೊಂಬತ್ತೊಂಬತ್ತು ಬಾರಿ ಸರಿಯಾಗಿ ನಡೆಯುತ್ತದೆಂದು ಭಾವಿಸೋಣ. ನಾಲ್ಕೂ ಒಟ್ಟಿಗೆ ಸರಿಯಾಗಿ ನಡೆಯುವುದು ನೂರಕ್ಕೆ 96 ಬಾರಿ ಮಾತ್ರ. ಉಳಿದ ನಾಲ್ಕು ಬಾರಿಗೆ ಉತ್ತರ ನೀಡುವುದೇ ಸಹಜ ಶೀತಲೀಕರಣದ ಕೆಲಸ.

ಶಾಖದ ಜಮಾ ಖರ್ಚು

ಶಾಖವನ್ನು ಹೊರಬಿಡುವ ಕ್ರಿಯೆಗಳನ್ನು ಬಹಿರುಷ್ಣಕ ಕ್ರಿಯೆಗಳೆನ್ನುತ್ತಾರೆ. ನೈಟ್ರೇಷನ್, ಪಾಲಿಮರೀಕರಣ, ಹೈಡ್ರೋಜನೀಕರಣ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಶಾಖದ ಜಮೆಯೂ ಖರ್ಚೂ ಸರಿದೂಗಿದಾಗ ಉಷ್ಣಾಂಶ ಸ್ಥಿರವಾಗಿರುತ್ತದೆ. ಆದರೆ ಇವೆರಡೂ ಒಂದೇ ರೀತಿಯಲ್ಲಿ ಬೆಳೆಯುವುದಿಲ್ಲ. ರಷ್ಯಾದ ವಿಜ್ಞಾನಿ ನಿಕೊಲಾಯ್ ಸೆಮೆನೊವ್ ಈ ಅಂಶವನ್ನು ಸಿದ್ಧಾಂತ ರೂಪಕ್ಕೆ ತಂದರು. ರಾಸಾಯನಿಕ ಕ್ರಿಯೆಗಳ ಗತಿಯ ಕುರಿತ ಅಧ್ಯಯನಕ್ಕಾಗಿ ಅವರಿಗೆ 1956ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಉಷ್ಣಾಂಶ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲವಾದ ನಿಯಮ. ರಿಯಾಕ್ಟರ್ 60 ಡಿಗ್ರಿಯಿಂದ 100 ಡಿಗ್ರಿಗೆ ಏರಿತೆನ್ನಿ. ಉತ್ಪತ್ತಿಯಾಗುವ ಶಾಖ 16 ಪಟ್ಟಾಗುತ್ತದೆ. ಜಾಕೆಟ್ಟಿನಲ್ಲಿ 30 ಡಿಗ್ರಿಯ ನೀರು ಹರಿಯುತ್ತಿದ್ದರೆ, ಅದು ಹೊರಗೊಯ್ಯುವ ಶಾಖ ಉಷ್ಣಾಂಶದ ಅಂತರಕ್ಕೆ ಅನುಗುಣವಾಗಿ ಮಾತ್ರ ಏರುತ್ತದೆ. ಅಂತರ 30ರಿಂದ 70 ಡಿಗ್ರಿಗೆ ಏರಿದೆ, ಅಂದರೆ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಜಮೆ 16 ಪಟ್ಟು, ಖರ್ಚು ಎರಡೂಕಾಲು ಪಟ್ಟು. ಒಂದು ಹಂತ ದಾಟಿದ ಮೇಲೆ ಎಷ್ಟೇ ನೀರು ಹರಿಸಿದರೂ ಕ್ರಿಯೆ ಹಿಡಿತಕ್ಕೆ ಸಿಗದಿರುವುದಕ್ಕೆ ಕಾರಣ ಇದೇ. ಇದನ್ನೇ ಕೈಮೀರಿದ ಕ್ರಿಯೆ ಎನ್ನುವುದು. ಆದುದರಿಂದ ತಂಪು ಸಕಾಲದಲ್ಲಿ ದೊರೆಯಬೇಕು. ತಡವಾಗಿ ಬಂದ ತಂಪಿನಿಂದ ಪ್ರಯೋಜನವಿಲ್ಲ.

ಗಾತ್ರದೊಡನೆ ಬೆಳೆಯುವ ಅಪಾಯ

ಸಣ್ಣ ಉದ್ಯಮಿಗಳು ಎಡವುವ ಇನ್ನೊಂದು ಸ್ಥಳ ಗಾತ್ರ. ಪ್ರಯೋಗಾಲಯದ ಒಂದು ಲೀಟರ್ ಫ್ಲಾಸ್ಕಿನಲ್ಲಿ ಯಾವ ತೊಂದರೆಯೂ ಇಲ್ಲದೆ ಆದ ಬ್ಯಾಚನ್ನು ಸಾವಿರ ಲೀಟರಿನ ರಿಯಾಕ್ಟರಿಗೆ ಏರಿಸಲಾಗುತ್ತದೆ. ಆಗ ಪಾತ್ರೆಯ ಎತ್ತರ ಅಗಲಗಳು 10 ಪಟ್ಟು, ಗೋಡೆಯ ವಿಸ್ತೀರ್ಣ 100 ಪಟ್ಟು, ಒಳಗಿನ ಸರಕು 1,000 ಪಟ್ಟಾಗುತ್ತದೆ. ಶಾಖ ಹುಟ್ಟುವುದು ಸರಕಿನಲ್ಲಿ, ಹೊರಹೋಗುವುದು ಗೋಡೆಯ ಮೂಲಕ. ಹೀಗಾಗಿ ಪ್ರತಿ ಲೀಟರ್ ಸರಕಿಗೆ ದೊರೆಯುವ ಗೋಡೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. 8,000 ಲೀಟರಿನ ರಿಯಾಕ್ಟರಾದರೆ ಇಪ್ಪತ್ತರಲ್ಲೊಂದು ಪಾಲು.

80 ಡಿಗ್ರಿಯಲ್ಲಿರುವ 10 ಮಿಲಿಲೀಟರ್ ಪ್ರನಾಳ ತಾನಾಗಿ ಒಂದು ಡಿಗ್ರಿ ತಣಿಯಲು ಸುಮಾರು 11 ಸೆಕೆಂಡು ಸಾಕು. ಅದೇ ಉಷ್ಣಾಂಶದ 5,000 ಲೀಟರ್ ರಿಯಾಕ್ಟರಿಗೆ 40 ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಪ್ರಯೋಗಾಲಯದ ಫ್ಲಾಸ್ಕು ಶಾಖವನ್ನು ಸುತ್ತಲಿನ ಗಾಳಿಗೆ ಸದ್ದಿಲ್ಲದೆ ಬಿಟ್ಟುಕೊಟ್ಟು ನಮ್ಮನ್ನು ನಂಬಿಸುತ್ತದೆ. ದೊಡ್ಡ ರಿಯಾಕ್ಟರ್ ಥರ್ಮಾಸ್ ಫ್ಲಾಸ್ಕಿನಂತೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಫ್ಲಾಸ್ಕಿನಲ್ಲಿ ಪಡೆದ ಅನುಭವವನ್ನೇ ಆಧಾರವಾಗಿಟ್ಟುಕೊಂಡು ರಿಯಾಕ್ಟರಿನ ಶೀತಲೀಕರಣವನ್ನು ನಿರ್ಧರಿಸುವುದು ಆದ್ದರಿಂದ ತರವಲ್ಲ.

ಜಾಕ್ಸನ್‌ವಿಲ್‌ನ ಪಾಠ

ಸಣ್ಣ ಉದ್ಯಮಿಗಳು ವಿಶೇಷವಾಗಿ ತಿಳಿಯಬೇಕಾದ ಪ್ರಕರಣವೊಂದು ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದಲ್ಲಿ ನಡೆಯಿತು. ಟಿ2 ಲ್ಯಾಬೊರೇಟರೀಸ್ ಎಂಬ ಸಂಸ್ಥೆಯನ್ನು 1996ರಲ್ಲಿ ಒಬ್ಬ ರಾಸಾಯನಿಕ ಎಂಜಿನಿಯರ್ ಮತ್ತು ಒಬ್ಬ ರಸಾಯನಶಾಸ್ತ್ರಜ್ಞ ಕೂಡಿ ಸ್ಥಾಪಿಸಿದ್ದರು. ಕೆಲಸಗಾರರ ಸಂಖ್ಯೆ ಹನ್ನೆರಡರಷ್ಟು. ಪೆಟ್ರೋಲಿನ ಆಕ್ಟೇನ್ ಮಟ್ಟವನ್ನು ಹೆಚ್ಚಿಸುವ ಮ್ಯಾಂಗನೀಸ್ ಸಂಯುಕ್ತವೊಂದನ್ನು ಅವರು 9 ಸಾವಿರ ಲೀಟರಿಗೂ ಮಿಕ್ಕ ಗಾತ್ರದ ರಿಯಾಕ್ಟರಿನಲ್ಲಿ ತಯಾರಿಸುತ್ತಿದ್ದರು.

ಅಲ್ಲಿನ ಶೀತಲೀಕರಣದ ಕಲ್ಪನೆ ಕೆಟ್ಟದ್ದಾಗಿರಲಿಲ್ಲ. ಜಾಕೆಟ್ಟಿನಲ್ಲಿ ನೀರು ಕುದಿದು ಆವಿಯಾಗಿ ಹೊರಹೋಗುವಾಗ ಶಾಖವನ್ನು ಒಯ್ಯುತ್ತಿತ್ತು. ಆದರೆ ಆ ನೀರಿಗೆ ಇದ್ದ ಮೂಲ ಒಂದೇ: ನಗರದ ನಲ್ಲಿ ನೀರು. ಬದಲಿ ಟ್ಯಾಂಕು ಇರಲಿಲ್ಲ. ಒಂದು ವಾಲ್ವ್ ಕೆಟ್ಟರೆ ಅಥವಾ ಒಂದು ಪೈಪು ಕಟ್ಟಿಕೊಂಡರೆ ತಂಪು ಇಲ್ಲವಾಗುವ ಸ್ಥಿತಿ. 42ನೆಯ ಬ್ಯಾಚಿನಿಂದ ಬ್ಯಾಚಿನ ಪ್ರಮಾಣವನ್ನು ಮೂರನೆಯ ಒಂದು ಪಾಲು ಹೆಚ್ಚಿಸಲಾಗಿತ್ತು. 2007ರ ಡಿಸೆಂಬರ್ 19ರಂದು 175ನೆಯ ಬ್ಯಾಚು ನಡೆಯುತ್ತಿತ್ತು. ಮಧ್ಯಾಹ್ನ 1 ಗಂಟೆ 23 ನಿಮಿಷಕ್ಕೆ ತಂಪಿನಲ್ಲಿ ತೊಂದರೆಯಾಗಿದೆಯೆಂದು ಮಾಲೀಕರಿಗೆ ಸುದ್ದಿ ಹೋಯಿತು. 1 ಗಂಟೆ 33 ನಿಮಿಷಕ್ಕೆ ರಿಯಾಕ್ಟರ್ ಸಿಡಿಯಿತು. ನಡುವೆ ಇದ್ದ ಕಾಲ ಹತ್ತೇ ನಿಮಿಷ.

ನಾಲ್ವರು ಮೃತಪಟ್ಟರು. ಅವರಲ್ಲಿ ಇಬ್ಬರು ಮಾಲೀಕರ ಪೈಕಿ ಒಬ್ಬರೂ ಸೇರಿದ್ದರು. ಗಾಯಗೊಂಡ 32 ಮಂದಿಯಲ್ಲಿ 28 ಮಂದಿ ಆ ಸಂಸ್ಥೆಯವರಲ್ಲ; ಸುತ್ತಲಿನ ಅಂಗಡಿ, ಕಾರ್ಖಾನೆ, ಗೋದಾಮುಗಳಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವರು. ರಾಸಾಯನಿಕ ಉದ್ದಿಮೆಯ ನೆರೆಯಲ್ಲಿ ವ್ಯಾಪಾರ ನಡೆಸುವವರಿಗೂ ಈ ವಿಷಯ ಸಂಬಂಧಿಸಿದ್ದು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಒಂದು, ಸುಮಾರು 200 ಡಿಗ್ರಿ ದಾಟಿದ ಮೇಲೆ ಸೋಡಿಯಂ ಮತ್ತು ದ್ರಾವಕದ ನಡುವೆ ಎರಡನೆಯ, ಇನ್ನೂ ಉಗ್ರವಾದ ಕ್ರಿಯೆ ಆರಂಭವಾಗುತ್ತಿತ್ತು. ಮಾಲೀಕರು ಅದನ್ನು ಗುರುತಿಸಿರಲಿಲ್ಲ. ಎರಡು, ಒತ್ತಡ ಹೊರಬಿಡುವ ರಪ್ಚರ್ ಡಿಸ್ಕ್ 400 ಪಿ.ಎಸ್.ಐ. ಒತ್ತಡಕ್ಕೆ ಒಡೆಯುವಂತೆ ಇತ್ತು. ಅದು 75 ಪಿ.ಎಸ್.ಐ.ಗೇ ಒಡೆಯುವಂತಿದ್ದಿದ್ದರೆ ಮೊದಲ ಕ್ರಿಯೆ ಕೈಮೀರಿದ ಹಂತದಲ್ಲಿಯೇ ಆವಿ ಹೊರಹೋಗಿ, ಎರಡನೆಯ ಕ್ರಿಯೆಯವರೆಗೆ ಪರಿಸ್ಥಿತಿ ಹೋಗದೆ ಇರುವ ಸಾಧ್ಯತೆಯಿತ್ತು. 174 ಬ್ಯಾಚುಗಳು ಸುಸೂತ್ರವಾಗಿ ನಡೆದದ್ದು ಸುರಕ್ಷತೆಯ ಪ್ರಮಾಣಪತ್ರವಾಗಲಿಲ್ಲ ಎಂಬುದನ್ನು ಗಮನಿಸಬೇಕು.

ನಿಲ್ಲಿಸಿದ ಯಂತ್ರ, ಬಿಟ್ಟುಹೋದ ಪಾತ್ರೆ

ಯಂತ್ರದ ತಂಪಿಗೆ ಇನ್ನೊಂದು ದೌರ್ಬಲ್ಯವಿದೆ. ಅದು ಕೆಡದಿದ್ದರೂ ಅದನ್ನು ಮನುಷ್ಯ ನಿಲ್ಲಿಸಬಹುದು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೋಸಯನೇಟನ್ನು ತಂಪಾಗಿಡುವ ಶೈತ್ಯ ಯಂತ್ರವನ್ನು 1984ರ ಜೂನ್ ತಿಂಗಳಲ್ಲಿಯೇ ನಿಲ್ಲಿಸಲಾಗಿತ್ತು. ಅದೇ ಡಿಸೆಂಬರ್ 2ರ ರಾತ್ರಿ 40 ಟನ್ನಿನಷ್ಟು ಸರಕಿದ್ದ 610ನೆಯ ಟ್ಯಾಂಕಿಗೆ ನೀರು ಸೇರಿದಾಗ ಕ್ರಿಯೆ ಕೈಮೀರಿತು. ದುರಂತದ ಮೂಲ ನೀರು ಸೇರಿದ್ದು. ಆದರೆ ದ್ರವ ತಂಪಾಗಿದ್ದಿದ್ದರೆ ಕ್ರಿಯೆ ನಿಧಾನವಾಗಿ, ಎಚ್ಚೆತ್ತುಕೊಳ್ಳಲು ಹೆಚ್ಚಿನ ಕಾಲ ದೊರೆಯುತ್ತಿತ್ತು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಸ್ಟೈರೀನ್ ಟ್ಯಾಂಕು ತಾನಾಗಿ ಕಾದು ಆವಿ ಹೊರಬಿದ್ದು 12 ಮಂದಿ ಮೃತಪಟ್ಟರು. ಅಲ್ಲಿಯೂ ಶೈತ್ಯ ಯಂತ್ರವನ್ನು ದಿನದ 24 ಗಂಟೆಯೂ ನಡೆಸುತ್ತಿರಲಿಲ್ಲವೆಂಬ ಅಂಶ ಆಂಧ್ರಪ್ರದೇಶ ಸರ್ಕಾರದ ಉನ್ನತಾಧಿಕಾರ ಸಮಿತಿಯ ವಿಚಾರಣೆಯಲ್ಲಿ ಬೆಳಕಿಗೆ ಬಂದಿತು. ಇವೆರಡೂ ರಿಯಾಕ್ಟರುಗಳಲ್ಲ, ಸಂಗ್ರಹ ಟ್ಯಾಂಕುಗಳು. ಆದರೆ ಶಾಖದ ನಿಯಮ ಎರಡಕ್ಕೂ ಒಂದೇ.

ಹಾಗೆಂದು ಪಾತ್ರೆಯನ್ನು ಸುಮ್ಮನೆ ಬಿಟ್ಟರೆ ತಣಿಯುತ್ತದೆ ಎಂದು ತಿಳಿಯುವುದೂ ತಪ್ಪು. ಇಟಲಿಯ ಸೆವೆಸೊ ಪಟ್ಟಣದ ಬಳಿಯ ಇಕ್ಮೆಸಾ ಕಾರ್ಖಾನೆಯಲ್ಲಿ 1976ರ ಜುಲೈ 10ರ ಶನಿವಾರ ನಸುಕಿನಲ್ಲಿ ವಾರಾಂತ್ಯದ ನಿಮಿತ್ತ ಬ್ಯಾಚನ್ನು ಅರ್ಧಕ್ಕೆ ನಿಲ್ಲಿಸಿ, ಹಬೆಯನ್ನು ಬಂದ್ ಮಾಡಿ, ಸ್ಟಿರರನ್ನೂ ನಿಲ್ಲಿಸಿ ಕೆಲಸಗಾರರು ಹೊರಟರು. ತಣ್ಣೀರು ಹರಿಸಿ ಸರಕನ್ನು ತಣಿಸಲಿಲ್ಲ. ದ್ರವದ ಮಟ್ಟಕ್ಕಿಂತ ಮೇಲಿನ ಗೋಡೆ ಹಬೆಯಿಂದ ವಿಪರೀತ ಕಾದಿತ್ತು. ಆ ಶಾಖ ಕಲಕದೆ ನಿಂತ ದ್ರವದ ಮೇಲ್ಪದರವನ್ನು ಕಾಯಿಸಿತು. ಸುಮಾರು ಏಳು ಗಂಟೆಗಳ ನಂತರ ರಪ್ಚರ್ ಡಿಸ್ಕ್ ಒಡೆದು ಡಯಾಕ್ಸಿನ್ ಎಂಬ ಘೋರ ವಿಷ ಸುತ್ತಲಿನ ಪ್ರದೇಶದಲ್ಲಿ ಹರಡಿತು. ರಿಯಾಕ್ಟರನ್ನು ಬಿಟ್ಟುಬಿಡುವುದು ಬೇರೆ, ತಾನೇ ತಣಿಯುವಂತೆ ಕಟ್ಟುವುದು ಬೇರೆ.

ಅಳವಡಿಸಬಹುದಾದ ವಿಧಾನಗಳು

ಸಹಜ ಶೀತಲೀಕರಣದ ವಿಧಾನಗಳನ್ನು ಅವುಗಳ ಸ್ವಾವಲಂಬನೆಯ ಆಧಾರದ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸಬಹುದು.

ಮೊದಲನೆಯ ದರ್ಜೆ, ಏನೂ ಚಲಿಸಬೇಕಿಲ್ಲದ್ದು. ಇದರಲ್ಲಿ ಮುಖ್ಯವಾದುದು ಕುದಿಯುವ ದ್ರಾವಕ. ಅಪಾಯದ ಉಷ್ಣಾಂಶಕ್ಕಿಂತ ಸಾಕಷ್ಟು ಕೆಳಗೆ ಕುದಿಯುವ ದ್ರಾವಕವನ್ನು ಆಯ್ದುಕೊಂಡರೆ, ಕ್ರಿಯೆ ಬಿಸಿಯೇರಿದಾಗ ದ್ರಾವಕ ಕುದಿಯತೊಡಗುತ್ತದೆ ಮತ್ತು ಅದು ಕುದಿಯುವವರೆಗೆ ಉಷ್ಣಾಂಶ ಅಲ್ಲಿಯೇ ನಿಲ್ಲುತ್ತದೆ. ಮೇಲೇರಿದ ಆವಿ ರಿಯಾಕ್ಟರಿನ ತಲೆಯ ಮೇಲಿರುವ ಕಂಡೆನ್ಸರಿನಲ್ಲಿ ದ್ರವವಾಗಿ ತನ್ನ ಭಾರದಿಂದಲೇ ಮರಳುತ್ತದೆ. ಕುದಿತ ಪ್ರಾರಂಭವಾದರೆ ಸ್ಟಿರರ್ ನಿಂತಿದ್ದರೂ ಗುಳ್ಳೆಗಳಿಂದ ಒಂದಿಷ್ಟು ಕಲಕಾಟವೂ ಆಗುತ್ತದೆ. ಜಾಕೆಟ್ಟಿನೊಳಗೇ ದ್ರವವನ್ನು ಕುದಿಯಲು ಬಿಟ್ಟು, ಆವಿಯನ್ನು ಮೇಲೆ ಗಾಳಿಯಿಂದ ತಣಿಯುವ ಕಂಡೆನ್ಸರಿಗೆ ಒಯ್ದು, ದ್ರವವನ್ನು ಮರಳಿ ಇಳಿಸುವ ಥರ್ಮೋಸೈಫನ್ ಜಾಕೆಟ್ಟೂ ಈ ದರ್ಜೆಗೆ ಸೇರುತ್ತದೆ. ದೊಡ್ಡ ಪಾತ್ರೆಗೆ ಬದಲಾಗಿ ಸಣ್ಣ ನಳಿಗೆಗಳಲ್ಲಿ ಸರಕನ್ನು ನಿರಂತರವಾಗಿ ಹರಿಸುವ ವಿಧಾನವೂ ಇದೆ. ಅಲ್ಲಿ ಸರಕು ಕಡಿಮೆ, ಗೋಡೆ ಹೆಚ್ಚು.

ಎರಡನೆಯ ದರ್ಜೆ, ಒಂದು ವಾಲ್ವ್ ತಾನಾಗಿ ತೆರೆದುಕೊಂಡರೆ ಸಾಕಾಗುವುದು. ಎತ್ತರದಲ್ಲಿಟ್ಟ ನೀರಿನ ಟ್ಯಾಂಕು ಇದಕ್ಕೆ ಉದಾಹರಣೆ. 10 ಮೀಟರ್ ಎತ್ತರದ ಟ್ಯಾಂಕಿನಿಂದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ದೊರೆಯುತ್ತದೆ. ಜಾಕೆಟ್ಟಿಗೂ ಕಂಡೆನ್ಸರಿಗೂ ತುರ್ತು ನೀರು ಕೊಡಲು, ಪೈಪಿನ ಗಾತ್ರ ಸರಿಯಾಗಿದ್ದರೆ, ಇಷ್ಟು ಒತ್ತಡ ಸಾಮಾನ್ಯವಾಗಿ ಸಾಕು. ಈ ಮಾರ್ಗದ ವಾಲ್ವ್ ಗಾಳಿಯ ಒತ್ತಡದಿಂದ ಮುಚ್ಚಿ, ಸ್ಪ್ರಿಂಗಿನಿಂದ ತೆರೆಯುವಂತಹದ್ದಾಗಿರಬೇಕು. ವಿದ್ಯುತ್ ಅಥವಾ ಗಾಳಿ ತಪ್ಪಿದೊಡನೆ ಅದು ತಾನೇ ತೆರೆದುಕೊಳ್ಳುತ್ತದೆ. ಕಚ್ಚಾವಸ್ತುವನ್ನು ಹನಿಹನಿಯಾಗಿ ಸೇರಿಸುವ ಡೋಸಿಂಗ್ ಮಾರ್ಗದ ವಾಲ್ವ್ ಇದಕ್ಕೆ ತದ್ವಿರುದ್ಧವಾಗಿ, ವಿದ್ಯುತ್ ತಪ್ಪಿದೊಡನೆ ಮುಚ್ಚಿಕೊಳ್ಳಬೇಕು. ಒಂದು ವಾಲ್ವ್ ತಂಪನ್ನು ತರುತ್ತದೆ, ಇನ್ನೊಂದು ಶಾಖದ ಮೂಲವನ್ನು ಕಡಿಯುತ್ತದೆ.

ಮೂರನೆಯ ದರ್ಜೆ, ಮನುಷ್ಯನ ಕೈ ಬೇಕಾಗುವುದು. ಸಿಲಿಂಡರಿನ ಸಾರಜನಕವನ್ನು ತಳದಿಂದ ಗುಳ್ಳೆಯಾಗಿ ಬಿಟ್ಟು ನಿಂತ ಸ್ಟಿರರಿಗೆ ಬದಲಾಗಿ ಕಲಕುವುದು, ಇಡೀ ಬ್ಯಾಚನ್ನು ಕೆಳಗಿನ ತಣ್ಣೀರಿನ ಅಥವಾ ತಣ್ಣನೆಯ ದ್ರಾವಕದ ಟ್ಯಾಂಕಿಗೆ ಇಳಿಸಿಬಿಡುವುದು ಇದರಲ್ಲಿ ಸೇರುತ್ತವೆ. ಇವಕ್ಕೆ ವಿದ್ಯುತ್ ಬೇಡ. ಆದರೆ ಸಕಾಲಕ್ಕೆ ನಿರ್ಧಾರ ಬೇಕು. ಜಾಕ್ಸನ್‌ವಿಲ್‌ನ ಹತ್ತು ನಿಮಿಷಗಳನ್ನು ನೆನೆದರೆ, ಈ ದರ್ಜೆಯೊಂದನ್ನೇ ನೆಚ್ಚಿಕೊಳ್ಳುವುದು ಎಷ್ಟು ಸರಿ ಎಂಬುದನ್ನು ವಾಚಕರೇ ನಿರ್ಧರಿಸಬಹುದು.

ಒಂದು ಸರಳ ಲೆಕ್ಕ

ಉದಾಹರಣೆಗಾಗಿ ಒಂದು ಬ್ಯಾಚನ್ನು ಕಲ್ಪಿಸಿಕೊಳ್ಳೋಣ. ಸರಕು 2,000 ಕಿಲೋಗ್ರಾಂ; ಉಷ್ಣಾಂಶ 60 ಡಿಗ್ರಿ; ಪ್ರತಿ ಕಿಲೋಗ್ರಾಂ ಸರಕನ್ನು ಒಂದು ಡಿಗ್ರಿ ಏರಿಸಲು 2 ಕಿಲೋಜೂಲ್ ಬೇಕು; ಕ್ರಿಯೆಯಿಂದ ಹೊರಬರಲಿರುವ ಶಾಖ ಒಟ್ಟು 4 ಲಕ್ಷ ಕಿಲೋಜೂಲ್. ತಂಪು ಪೂರ್ತಿ ತಪ್ಪಿದರೆ ಉಷ್ಣಾಂಶ 100 ಡಿಗ್ರಿ ಏರಿ 160 ಡಿಗ್ರಿ ಮುಟ್ಟುತ್ತದೆ.

ದ್ರಾವಕ ಟಾಲ್ಯೂಯಿನ್ ಆಗಿದ್ದರೆ ಅದು ಸುಮಾರು 110 ಡಿಗ್ರಿಯಲ್ಲಿ ಕುದಿಯುತ್ತದೆ. ಅಲ್ಲಿಯವರೆಗೆ ಏರಲು ಅರ್ಧದಷ್ಟು ಶಾಖ ಖರ್ಚಾಗುತ್ತದೆ. ಉಳಿದ 2 ಲಕ್ಷ ಕಿಲೋಜೂಲ್ ಹೀರಿಕೊಳ್ಳಲು, ಪ್ರತಿ ಕಿಲೋಗ್ರಾಮಿಗೆ ಸುಮಾರು 360 ಕಿಲೋಜೂಲಿನಂತೆ, 555 ಕಿಲೋಗ್ರಾಂ ಟಾಲ್ಯೂಯಿನ್ ಆವಿಯಾಗಬೇಕು. ಮೆಥನಾಲ್ ಆದರೆ 65 ಡಿಗ್ರಿಯಲ್ಲೇ ಕುದಿಯುತ್ತದೆ. ಅದರ ಗುಪ್ತೋಷ್ಣ ಪ್ರತಿ ಕಿಲೋಗ್ರಾಮಿಗೆ ಸುಮಾರು 1,100 ಕಿಲೋಜೂಲ್ ಆದುದರಿಂದ 345 ಕಿಲೋಗ್ರಾಂ ಆವಿಯಾದರೆ ಸಾಕು. ಈ ಆವಿಯನ್ನು ಕಂಡೆನ್ಸರ್ ದ್ರವವಾಗಿಸಿ ಮರಳಿಸಿದರೆ ದ್ರಾವಕದ ನಷ್ಟವೂ ಇಲ್ಲ.

ಎತ್ತರದ ಟ್ಯಾಂಕಿನ ನೀರು 30 ಡಿಗ್ರಿಯಲ್ಲಿ ಒಳಹೋಗಿ 50 ಡಿಗ್ರಿಯಲ್ಲಿ ಹೊರಬಂದರೆ ಪ್ರತಿ ಲೀಟರ್ 84 ಕಿಲೋಜೂಲ್ ಒಯ್ಯುತ್ತದೆ. 4 ಲಕ್ಷ ಕಿಲೋಜೂಲಿಗೆ ಬೇಕಾದ ನೀರು ಸುಮಾರು 4,800 ಲೀಟರ್. ಅಂದರೆ ಮನೆಗಳ ಮೇಲೆ ಕಾಣುವಂತಹ ಪ್ಲಾಸ್ಟಿಕ್ ಟ್ಯಾಂಕು, 5,000 ಲೀಟರಿನದ್ದು ಒಂದು. ಅಟ್ಟಣಿಗೆ, ಪೈಪು, ಸ್ಪ್ರಿಂಗ್ ವಾಲ್ವ್ ಸೇರಿದರೂ ಇದು ದೊಡ್ಡ ಬಂಡವಾಳ ಬೇಡುವ ಯೋಜನೆಯಲ್ಲ. ಆದರೆ ಇದು ಕಲ್ಪಿತ ಬ್ಯಾಚು. ವಾಚಕರು ತಮ್ಮ ಬ್ಯಾಚಿನ ಅಂಕಿಗಳನ್ನು ಹಾಕಿ ಲೆಕ್ಕ ಮಾಡಬೇಕು. ಆ ಅಂಕಿಗಳು ದೊರೆಯುವುದು ಕ್ಯಾಲೊರಿಮೀಟರ್ ಪರೀಕ್ಷೆಯಿಂದ. ಬ್ಯಾಚಿನಿಂದ ಒಟ್ಟು ಎಷ್ಟು ಶಾಖ ಹೊರಬರುತ್ತದೆ, ಯಾವ ಉಷ್ಣಾಂಶದಲ್ಲಿ ಸರಕು ವಿಘಟನೆಗೊಳ್ಳಲು ತೊಡಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದ ಹೊರತು ಯಾವ ಶೀತಲೀಕರಣ ವ್ಯವಸ್ಥೆಯನ್ನೂ ಖರೀದಿಸುವುದರಲ್ಲಿ ಅರ್ಥವಿಲ್ಲ.

ಮರೆಯಬಾರದ ಮಿತಿಗಳು

ಸಹಜ ಶೀತಲೀಕರಣ ಸರ್ವರೋಗ ನಿವಾರಕವಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ನಡೆಸಬೇಕಾದ ಕ್ರಿಯೆಗಳಿಗೆ ಚಿಲ್ಲರ್ ಬೇಕೇ ಬೇಕು. ಟ್ಯಾಂಕಿನಲ್ಲಿ ನೀರು ಸಾಕಷ್ಟಿದ್ದರೂ ಶಾಖ ಗೋಡೆಯನ್ನು ದಾಟಿ ಬರಬೇಕು. ಸ್ಟಿರರ್ ನಿಂತಾಗ ಈ ದಾಟುವಿಕೆ ಬಹಳ ನಿಧಾನವಾಗುತ್ತದೆ. ಗ್ಲಾಸ್ ಲೈನ್ಡ್ ರಿಯಾಕ್ಟರ್ ಕಾದಿರುವಾಗ ತಣ್ಣೀರು ಏಕಾಏಕಿ ನುಗ್ಗಿದರೆ ಒಳಗಿನ ಗಾಜಿನ ಲೇಪ ಬಿರುಕು ಬಿಡಬಹುದು. ಸೋಡಿಯಂನಂತಹ, ನೀರಿನೊಡನೆ ಉಗ್ರವಾಗಿ ವರ್ತಿಸುವ ವಸ್ತುವಿದ್ದಲ್ಲಿ ನೀರಿನ ಬದಲು ಬೇರೆ ದ್ರವವನ್ನು ಆಲೋಚಿಸಬೇಕು. ಕುದಿಯುವ ದ್ರಾವಕ ನೊರೆಯೆದ್ದು ಕಂಡೆನ್ಸರಿನ ಪೈಪನ್ನು ತುಂಬಿಕೊಳ್ಳಬಹುದು. ಹೊರಬಿಡುವ ಆವಿಗೆ ಬೆಂಕಿ ತಗಲದಂತೆ, ಅದು ಜನರ ಕಡೆ ಹೋಗದಂತೆ ವ್ಯವಸ್ಥೆಯಿರಬೇಕು. ಈ ಕಾರಣಗಳಿಂದ ಪೈಪಿನ ಗಾತ್ರ ಮತ್ತು ರಪ್ಚರ್ ಡಿಸ್ಕಿನ ಒತ್ತಡವನ್ನು ಅನುಭವಿ ರಾಸಾಯನಿಕ ಎಂಜಿನಿಯರರಿಂದಲೇ ನಿರ್ಧರಿಸಿಕೊಳ್ಳುವುದು ಕ್ಷೇಮ.

ಹೆಚ್ಚು ತಂಪು ಹೆಚ್ಚು ಸುರಕ್ಷಿತ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹನಿಹನಿಯಾಗಿ ಸೇರಿಸುವ ಕ್ರಿಯೆಯಲ್ಲಿ ಉಷ್ಣಾಂಶ ತೀರ ಕಡಿಮೆಯಿದ್ದರೆ ಸೇರಿಸಿದ ವಸ್ತು ಕ್ರಿಯೆಗೊಳ್ಳದೆ ಒಳಗೇ ಸಂಗ್ರಹವಾಗುತ್ತದೆ. ಅನಂತರ ಸ್ವಲ್ಪ ಬಿಸಿಯೇರಿದೊಡನೆ ಆ ಸಂಗ್ರಹವೆಲ್ಲ ಒಮ್ಮೆಲೇ ಕ್ರಿಯೆಗೊಳ್ಳುತ್ತದೆ. ಸಾಲ ಕೂಡಿಬಿದ್ದು ಒಂದೇ ದಿನ ವಸೂಲಿಗೆ ಬಂದಂತೆ. ಆದುದರಿಂದ ಸರಿಯಾದ ಉಷ್ಣಾಂಶವನ್ನು ಕಾಯ್ದುಕೊಂಡು, ಸೇರಿಸಿದ್ದು ಆಗಿಂದಾಗಲೇ ಕ್ರಿಯೆಗೊಳ್ಳುವಂತೆ ನೋಡಿಕೊಳ್ಳಬೇಕು.

ಘಟಕದ ಮಾಲೀಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಪ್ರತಿಯೊಂದು ಬ್ಯಾಚು ಹೊರಬಿಡುವ ಶಾಖವನ್ನು ಅಳೆದಿದ್ದೇವೆಯೇ? ತಂಪು ತಪ್ಪಿದರೆ ಉಷ್ಣಾಂಶ ಎಲ್ಲಿಯವರೆಗೆ ಏರುತ್ತದೆ?

2. ಆ ಉಷ್ಣಾಂಶದಲ್ಲಿ ಎರಡನೆಯ ಕ್ರಿಯೆ ಅಥವಾ ವಿಘಟನೆ ಆರಂಭವಾಗುತ್ತದೆಯೇ?

3. ವಿದ್ಯುತ್ ಹೋದ ಕ್ಷಣದಲ್ಲಿ ಪ್ರತಿಯೊಂದು ವಾಲ್ವ್ ತೆರೆಯುತ್ತದೆಯೇ, ಮುಚ್ಚುತ್ತದೆಯೇ? ನೀರು ಮಾತ್ರ ತುಂಬಿ, ಮುಖ್ಯ ಸ್ವಿಚ್ ತೆಗೆದು ಅದನ್ನು ಪರೀಕ್ಷಿಸಿದ್ದೇವೆಯೇ?

4. ತಣ್ಣೀರಿಗೆ ಎರಡನೆಯ ಮೂಲವಿದೆಯೇ? ಮೇಲಿನ ಟ್ಯಾಂಕು ಬೇಸಿಗೆಯಲ್ಲಿಯೂ ತುಂಬಿರುತ್ತದೆಯೇ, ಅಥವಾ ಕೈ ತೊಳೆಯಲು, ನೆಲ ತೊಳೆಯಲು ಅದೇ ನೀರು ಖರ್ಚಾಗುತ್ತಿದೆಯೇ?

5. ಬ್ಯಾಚಿನ ಪ್ರಮಾಣವನ್ನು ಹೆಚ್ಚಿಸಿದಾಗ ತಂಪಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿದ್ದೇವೆಯೇ?

6. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ಆಪರೇಟರಿಗೆ, ಯಾರನ್ನೂ ಕೇಳದೆ ಬ್ಯಾಚನ್ನು ಕೈಬಿಡುವ ಅಧಿಕಾರವನ್ನು ಕೊಟ್ಟಿದ್ದೇವೆಯೇ?

ಕೊನೆಯ ಪ್ರಶ್ನೆಗೆ ಉತ್ತರಿಸುವುದು ಮಾಲೀಕರಿಗೆ ಕಷ್ಟವೆನಿಸಬಹುದು. ಒಂದು ಬ್ಯಾಚಿನ ಬೆಲೆ ಲಕ್ಷಗಟ್ಟಲೆ ಇರಬಹುದು. ಆದರೆ ಅನುಮತಿಗಾಗಿ ಕಾಯುತ್ತಾ ಕಳೆಯುವ ನಿಮಿಷಗಳ ಬೆಲೆ ಅದಕ್ಕಿಂತ ಬಹಳ ಹೆಚ್ಚು.

ಭೋಪಾಲ ದುರಂತದ ನಂತರ ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆ, 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಜಾರಿಗೆ ಬಂದವು. 1989ರ ನಿಯಮಗಳ ಮುಖ್ಯ ಕಟ್ಟುಪಾಡುಗಳು ರಾಸಾಯನಿಕಗಳ ನಿಗದಿತ ಪ್ರಮಾಣವನ್ನು ಆಧರಿಸಿದವು. ಸಣ್ಣ ಘಟಕವೊಂದು ಆ ಪ್ರಮಾಣಕ್ಕಿಂತ ಕೆಳಗಿದ್ದು ಕೆಲವು ಕಟ್ಟುಪಾಡುಗಳಿಂದ ಹೊರಗುಳಿಯಬಹುದು. ಆದರೆ ಶಾಖದ ನಿಯಮದಿಂದ ಹೊರಗುಳಿಯುವ ಅವಕಾಶ ಯಾವ ಘಟಕಕ್ಕೂ ಇಲ್ಲ.

ನಮ್ಮ ಉದ್ಯಮಿಗಳು ಬೆಂಕಿಗೆ, ಕಳವಿಗೆ, ಸಾಗಾಣಿಕೆಗೆ ವಿಮೆ ಮಾಡಿಸುತ್ತಾರೆ. ವಿಮೆ ನಷ್ಟವನ್ನು ತುಂಬಿಕೊಡಬಲ್ಲದು. ಕೆಲಸಗಾರನನ್ನು ಮನೆಗೆ ಮರಳಿಸಲಾರದು, ನೆರೆಯ ಅಂಗಡಿಯವರ ವಿಶ್ವಾಸವನ್ನು ಮರಳಿಸಲಾರದು. ಎತ್ತರದಲ್ಲಿ ತುಂಬಿ ನಿಂತ ನೀರಿನ ಟ್ಯಾಂಕು, ಸರಿಯಾಗಿ ಆಯ್ದ ದ್ರಾವಕ, ಸ್ಪ್ರಿಂಗಿನಿಂದ ತೆರೆಯುವ ಒಂದು ವಾಲ್ವ್: ಇವು ವರ್ಷಾನುಗಟ್ಟಲೆ ಕೆಲಸವಿಲ್ಲದೆ ಸುಮ್ಮನೆ ನಿಂತಿರುವಂತೆ ತೋರುತ್ತವೆ. ಹಾಗೆ ಸುಮ್ಮನೆ ನಿಂತಿರುವುದಕ್ಕಾಗಿಯೇ ಅವುಗಳಿಗೆ ಹಣ ತೆತ್ತಿರುತ್ತೇವೆ. ಮುಂದಿನ ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಮೊದಲೇ, ರಿಯಾಕ್ಟರ್ ಹೊಂದಿರುವ ಪ್ರತಿಯೊಬ್ಬ ಉದ್ಯಮಿಯೂ ತಮ್ಮ ಎಂಜಿನಿಯರರೊಡನೆ ಕುಳಿತು ಮೇಲಿನ ಆರು ಪ್ರಶ್ನೆಗಳಿಗೆ ಲಿಖಿತ ರೂಪದಲ್ಲಿ ಉತ್ತರ ಬರೆದಿಡುವುದು ಅಪೇಕ್ಷಣೀಯ.